ದನ ಹೊರಡುವ ದಾರಿ

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜಾನುವಾರು ಆಮದು–ರಫ್ತು ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. 1898ರ ಹಳೆಯ ಕಾಯ್ದೆ ಇದ್ದದ್ದು ಆಮದಿಗೆ. ಈ ಕರಡಿನಲ್ಲಿ ಜೀವಂತ ಪ್ರಾಣಿಗಳ ರಫ್ತೂ ಸೇರಿಕೊಂಡಿತ್ತು. ಜೀವವನ್ನು ಸರಕೆಂದು ಕಂಡದ್ದಕ್ಕೆ ವಿರೋಧ ಎದ್ದು, ಅದೇ ತಿಂಗಳು ಕರಡು ವಾಪಸಾಯಿತು. ಕಾರ್ಕಳ, ಕಾಪು ಕಡೆ ಪಶುವೈದ್ಯನಾಗಿ ದುಡಿದ ನನಗೆ ಅರ್ಧ ಸಮಾಧಾನ. ಕರಡು ಹೋಯಿತೇ ಹೊರತು ನಿಷೇಧ ಬರಲಿಲ್ಲ.

ನ್ಯೂಜಿಲೆಂಡ್ ನಿಷೇಧ ತಂದಿತು. ಅಲ್ಲಿಂದ ದನಗಳನ್ನು ಹೊತ್ತು ಚೀನಾಕ್ಕೆ ಹೊರಟ ಹಡಗು 2020ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಬಳಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 5,800ಕ್ಕೂ ಹೆಚ್ಚು ದನ, 41 ಜನ ನೀರುಪಾಲಾದರು. 2023ರ ಏಪ್ರಿಲ್ ಕೊನೆಗೆ ಹಡಗಿನಲ್ಲಿ ಜಾನುವಾರು ಕಳಿಸುವುದನ್ನೇ ನಿಲ್ಲಿಸಿದರು. ನಮ್ಮ ದೇಶದ ಎಮ್ಮೆ ಮಾಂಸ ಶೀತಲ ಕಂಟೇನರ್‌ಗಳಲ್ಲೇ ಹೊರದೇಶಕ್ಕೆ ಹೋಗುತ್ತದೆ. ಹಾಗಿರುವಾಗ ಕುರಿ, ಮೇಕೆಗಳನ್ನು ಜೀವಂತವಾಗಿ ಕಡಲು ದಾಟಿಸಲು ಕಾರಣ ನನಗೆ ಕಾಣುವುದಿಲ್ಲ.

ಕಡಲಿನ ಮಾತು ಬಿಡಿ, ಘಾಟಿಯ ದಾರಿಯೂ ಸಣ್ಣದಲ್ಲ. ಪೊಲೀಸರು ತಡೆದ, ದನ ತುಂಬಿದ ಪಿಕಪ್‌ಗಳ ಬಳಿಗೆ ರಾತ್ರಿ ನನ್ನನ್ನು ಕರೆಸುತ್ತಿದ್ದರು. ವಾಹನದಲ್ಲಿ ಒಂದು ದನಕ್ಕೆ 2 ಚದರ ಮೀಟರ್ ಜಾಗ ಬೇಕೆಂದು ನಿಯಮವಿದೆ. ನಾನು ಕಂಡದ್ದು ಕಾಲು ಕಟ್ಟಿ ಒಂದರ ಮೇಲೊಂದು ತುರುಕಿದ ದನಗಳನ್ನು. ಬಜಗೋಳಿ ಬಳಿ ಇಳಿಸಿದ ಗಂಡುಕರುವೊಂದು ಬಕೆಟ್ ನೀರು ಬರಿದು ಮಾಡಿ, ಖಾಲಿ ಬಕೆಟನ್ನೇ ನೆಕ್ಕುತ್ತಿತ್ತು.

ನಮ್ಮ ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿನ ವಧೆಗೆ ಪ್ರಮಾಣಪತ್ರ ಸಿಗುತ್ತಿತ್ತು. 2021ರ ಜನವರಿಯಿಂದ, ಹೊಸ ಕಾನೂನಿನಡಿ, ಅದಿಲ್ಲ. ಹಸು, ಎತ್ತು, ಕರುಗಳ ವಧೆ ಪೂರ್ತಿ ನಿಷಿದ್ಧ, ವಧೆಗೆ ಸಾಗಿಸುವುದೂ ಅಪರಾಧ. ವಧೆ ಮಾಡಿದರೆ 3ರಿಂದ 7 ವರ್ಷದವರೆಗೆ ಜೈಲು. ಆದರೆ ಗದ್ದೆಗೆ ಟಿಲ್ಲರ್ ಬಂದಿದೆ, ಎಚ್‌ಎಫ್ ತಳಿಯ ಗಂಡುಕರುವಿಗೆ ಮನೆಯಲ್ಲಿ ಕೆಲಸವಿಲ್ಲ. "ಡಾಕ್ಟ್ರೇ, ಇದನ್ನು ಕಟ್ಟಿ ಸಾಕುದು ಹೇಗೆ?" ಎಂದು ಕಾಪುವಿನ ಅಮ್ಮನೊಬ್ಬರು ಕೇಳಿದ್ದರು. ಡೈರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ಅವರ ಮನೆ ನಡೆಯುತ್ತಿತ್ತು. ಅವರನ್ನು ಕಟುಕಿ ಎನ್ನಲು ನನ್ನಿಂದಾಗದು.

ಕೃತಕ ಗರ್ಭಧಾರಣೆಗೆ, ಹೆಣ್ಣುಕರುವಿಗೆಂದೇ ಬೇರ್ಪಡಿಸಿದ ವೀರ್ಯದ ನಳಿಕೆ ಈಗ ಇದೆ. ಹತ್ತರಲ್ಲಿ ಒಂಬತ್ತು ಹೆಣ್ಣೇ ಹುಟ್ಟುತ್ತವೆ. ಅದು ಮಾಮೂಲಿ ನಳಿಕೆಯ ಬೆಲೆಗೇ ಪ್ರತಿ ಹಾಲು ಸೊಸೈಟಿಯಲ್ಲಿ ಸಿಗಲಿ. ಆಗ ಪಿಕಪ್ ಹತ್ತುವ ಕರುಗಳೇ ಕಡಿಮೆಯಾಗುತ್ತವೆ.