ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಪರೀಕ್ಷೆಯ ಟೈಮ್‌ಟೇಬಲ್ ಬಂತು. ಜೆರಾಕ್ಸ್ ಅಂಗಡಿ ಮುಂದೆ ಕ್ಯೂ ಶುರು, ಕ್ಲಾಸ್ ಗ್ರೂಪಿನಲ್ಲಿ ‘ಪಾಸಿಂಗ್ ಪ್ಯಾಕೇಜ್ ಇದ್ರೆ ಕಳ್ಸ್ರೋ’ ಅನ್ನೋ ಮೆಸೇಜುಗಳೂ ಶುರು. ಪರೀಕ್ಷೆ ಮುಗಿದ ದಿನ ಕಾರಿಡಾರಿನಲ್ಲಿ ಕೇಳಿಬರುವ ಮಾತೂ ನಮಗೆಲ್ಲ ಗೊತ್ತು: ‘ಮಗಾ, ಮೂರ್ ಸಲ ಓದಿದ್ದೆ ಕಣೋ, ಹಾಲ್‌ನಲ್ಲಿ ಒಂದೂ ನೆನಪಾಗ್ಲಿಲ್ಲ.’ ಹೀಗೆ ಹೇಳುವವರು ಸುಳ್ಳು ಹೇಳ್ತಿಲ್ಲ. ಅವರ ತಲೆಯೂ ಕಡಿಮೆಯದ್ದಲ್ಲ. ಎಡವಟ್ಟಾಗಿರೋದು ಓದಿದ ರೀತಿಯಲ್ಲಿ.

ಹಳೇ ಸಿನಿಮಾ ಹಾಡು ಕೇಳಿಸಿದ ತಕ್ಷಣ ನಾವು ಜೊತೆಗೇ ಗುನುಗ್ತೀವಿ. ಕೈಗೆ ಮೈಕ್ ಕೊಟ್ಟು ‘ಎರಡನೇ ಚರಣ ನೀವೇ ಹಾಡಿ’ ಅಂದ್ರೆ ಪದಗಳೇ ಬರಲ್ಲ. ಗುರುತು ಹಿಡಿಯೋದು ಬೇರೆ, ನೆನಪಿನಿಂದ ತೆಗೆಯೋದು ಬೇರೆ. ನೋಟ್ಸನ್ನು ಮತ್ತೆ ಓದುವಾಗ ‘ಇದು ಗೊತ್ತು, ಇದೂ ಗೊತ್ತು’ ಅನ್ನಿಸೋದು ಮೊದಲನೆಯದು. ಪ್ರಶ್ನೆಪತ್ರಿಕೆ ಕೇಳೋದು ಎರಡನೆಯದನ್ನು.

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದರ ಮೇಲೊಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಂದು ಸಲ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ ಪಾಠವೇ ಮುಂದಿತ್ತು: ಶೇ. 81 ನೆನಪು, ಬರೆದು ನೋಡಿದ್ದರಲ್ಲಿ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು: ಮತ್ತೆ ಓದಿದ್ದು ಶೇ. 42, ಬರೆದು ನೋಡಿದ್ದು ಶೇ. 56. ಮತ್ತೆ ಮತ್ತೆ ಓದುವ ಅಭ್ಯಾಸ ನಮ್ಮನ್ನು ಬಿಡದಿರೋದು ಇದಕ್ಕೇ. ಪುಸ್ತಕ ಮುಚ್ಚಿದ ಐದು ನಿಮಿಷ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲ.

ಹಾಗಾದ್ರೆ ಮಾಡೋದೇನು? ನಲವತ್ತು ನಿಮಿಷ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ: ವ್ಯಾಖ್ಯೆ, ಚಿತ್ರ, ಸೂತ್ರ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ನಾಳೆ ಓದಬೇಕಾದ್ದು ಆ ಕೆಂಪು ಸಾಲುಗಳನ್ನು ಮಾತ್ರ. ಬೀಮಿನ ಬೆಂಡಿಂಗ್ ಮೊಮೆಂಟ್ ಲೆಕ್ಕವಾದರೆ ಸಾಲ್ವ್ ಮಾಡಿದ ಭಾಗವನ್ನು ಕೈಯಿಂದ ಮುಚ್ಚಿ, ಮೊದಲ ಹೆಜ್ಜೆ ನೀವೇ ಇಡಿ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಮರೆವು ಮೊದಲ ಒಂದು ದಿನದಲ್ಲಿ ಜೋರಾಗಿ, ಆಮೇಲೆ ನಿಧಾನವಾಗಿ ನಡೆಯುತ್ತೆ. ಆದ್ದರಿಂದ ಮೊದಲ ರಿವಿಷನ್ ಮಾರನೇ ದಿನವೇ ಆಗಲಿ, ಹತ್ತು ನಿಮಿಷ ಸಾಕು. ಮುಂದಿನದು ಮೂರ್ನಾಲ್ಕು ದಿನ ಬಿಟ್ಟು, ಇನ್ನೊಂದು ವಾರ ಬಿಟ್ಟು. ಒಂದೇ ವಿಷಯವನ್ನು ದಿನಪೂರ್ತಿ ಜಗಿಯುವ ಬದಲು ಬೆಳಗ್ಗೆ ಒಂದು, ಸಂಜೆ ಒಂದು ಇಟ್ಟುಕೊಂಡರೆ ಈ ಅಂತರ ತಾನಾಗೇ ಸಿಗುತ್ತೆ.

ಇನ್ನು ವಿಟಿಯು ಪ್ರಶ್ನೆಪತ್ರಿಕೆಯ ಲೆಕ್ಕ. ಸಾಮಾನ್ಯವಾಗಿ ಐದು ಮಾಡ್ಯೂಲ್. ಒಂದೊಂದರಿಂದ ಎರಡು ಪ್ರಶ್ನೆ ಕೊಟ್ಟು ಒಂದನ್ನು ಬರೆಯಿರಿ ಅಂತಾರೆ. ತಲಾ 20 ಅಂಕ, ಒಟ್ಟು ಮೂರು ಗಂಟೆ. ಅಂದ್ರೆ ಆಯ್ಕೆ ಇರೋದು ಮಾಡ್ಯೂಲಿನ ಒಳಗೆ. ‘ಐದನೇದು ಬಿಟ್ಬಿಡೋಣ’ ಅಂದ್ರೆ ಆ 20 ಅಂಕವನ್ನು ಬೇರೆ ಕಡೆ ತುಂಬೋಕೆ ದಾರಿಯಿಲ್ಲ. ಐದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿರೋದು, ಮೂರನ್ನೇ ಉರು ಹೊಡೆಯೋದಕ್ಕಿಂತ ಕ್ಷೇಮ. ಒಂದು ಪ್ರಶ್ನೆಗೆ ಸಿಗೋದು 36 ನಿಮಿಷ. ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಎದುರಿಗಿರಲಿ.

ಕನ್ನಡ ಮಾಧ್ಯಮದಿಂದ ಬಂದ ಗೆಳೆಯ ಗೆಳತಿಯರಿಗೆ ಒಂದು ಮಾತು. ಇಂಗ್ಲಿಷ್ ವಾಕ್ಯವನ್ನು ಹಾಗೇ ಬಾಯಿಪಾಠ ಮಾಡಿದರೆ ಒಂದು ಪದ ಜಾರಿದರೂ ಇಡೀ ಉತ್ತರ ಜಾರುತ್ತೆ. ಎಂಟ್ರೊಪಿ ಅಂದ್ರೇನು ಅಂತ ಮೊದಲು ರೂಮ್‌ಮೇಟ್‌ಗೆ ಕನ್ನಡದಲ್ಲೇ ಹೇಳಿ. ತಡವರಿಸಿದ ಜಾಗವೇ ಅರ್ಥವಾಗದ ಜಾಗ. ಅದು ಸರಿಹೋದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ನಿಮ್ಮದೇ ಚಿಕ್ಕ ವಾಕ್ಯಗಳಲ್ಲಿ, ಬರೆದು ನೋಡಿ.

ಬ್ಯಾಕ್ ಉಳಿಸಿಕೊಂಡವರಿಗೆ ಈ ವಿಧಾನ ಇನ್ನೂ ಮುಖ್ಯ. ಹಳೇ ನೋಟ್ಸ್ ಪರಿಚಯದ ಮುಖ; ತೆರೆದ ಕೂಡಲೇ ‘ಎಲ್ಲ ಗೊತ್ತು’ ಅಂತ ನಂಬಿಸಿಬಿಡುತ್ತೆ. ಹಾಗಾಗಿ ನೋಟ್ಸ್ ತೆರೆಯುವ ಮೊದಲೇ ಖಾಲಿ ಹಾಳೆ ಇಟ್ಟುಕೊಂಡು ಕೂತ್ಕೊಳ್ಳಿ. ಮೊದಲ ದಿನ ಮೂರೇ ಸಾಲು ಬಂದ್ರೂ ಬೇಜಾರಾಗಬೇಡಿ. ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನ ಆ ಮೂರು ಸಾಲೇ ಹೇಳುತ್ತೆ. ಮತ್ತೆ, ರಾತ್ರಿ ನಿದ್ದೆ ಮಾಡಿ. ಓದಿದ್ದು ತಲೆಯಲ್ಲಿ ಊರೋದಕ್ಕೆ ನಿದ್ದೆಯೂ ಬೇಕು.