ಸನ್ನದಿನ ಭಯ, ಮನಸ್ಸಿನ ಭಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮ್ಮ ಮನೆಗಳಿಂದಲೂ ಮಕ್ಕಳು ಎಲ್‌ಎಲ್‌ಬಿ ಓದಲು ಪಟ್ಟಣ ಸೇರುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಕರಿ ಕೋಟು ತೊಡುವ ಮೊದಲಿಗರು ಅವರೇ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತವರಿಗೆ ಒಮ್ಮೆಲೇ ಇಂಗ್ಲಿಷ್ ತೀರ್ಪುಗಳ ರಾಶಿ ಎದುರಾಗುತ್ತದೆ. ಎರಡು ವಿಷಯ ಬ್ಯಾಕ್ ಉಳಿದರೆ ಹಬ್ಬಕ್ಕೂ ಊರಿಗೆ ಬರಲು ಮುಜುಗರ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ‘ನಮಾಝ್ ಸರಿಯಾಗಿ ಮಾಡು’ ಎಂದಷ್ಟೇ ಹೇಳಿ ಫೋನ್ ಇಡುವವರು ನಾವು. ಮಗ ಯೂಸುಫ್(ಅ)ರ ಅಗಲಿಕೆಯಲ್ಲಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಅದನ್ನು ಈಮಾನಿನ ಕೊರತೆ ಎನ್ನಲು ಯಾರಿಗೆ ಧೈರ್ಯವಿದೆ? ದುಆ ಇರಲಿ, ಡಾಕ್ಟರೂ ಇರಲಿ.

ಕಾನೂನು ಓದುವವರಿಗೆ ಇನ್ನೊಂದು ಭಯವಿದೆ: ಚಿಕಿತ್ಸೆ ಪಡೆದದ್ದು ಗೊತ್ತಾದರೆ ನಾಳೆ ಸನ್ನದು ಸಿಗದಿದ್ದರೆ? 1961ರ ವಕೀಲರ ಕಾಯ್ದೆಯ 24ಎ ಕಲಮು ಸನ್ನದಿಗೆ ಅಡ್ಡಿಯಾಗುವ ಸಂಗತಿಗಳನ್ನು ಹೇಳುತ್ತದೆ. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾಗುವುದು ಅವುಗಳಲ್ಲೊಂದು. ಮನೋವೈದ್ಯರ ಬಳಿ ಹೋಗುವುದು ಅಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಜೀವಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ, ಚಿಕಿತ್ಸೆಯ ವಿಷಯವನ್ನು ವೈದ್ಯರು ಗುಟ್ಟಾಗಿಡಬೇಕು. ನಿಜವಾದ ತೊಡಕು ಕಾನೂನಿನದ್ದಲ್ಲ, ನೆಂಟರ ಬಾಯಿಯದ್ದು.

ಈ ಚಿಕಿತ್ಸೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವೊಂದನ್ನು ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನೋರೋಗದ ಮಾತ್ರೆಗಳು ಅಲ್ಲಿಯೇ ಸಿಗುವಂತೆ ಮಾಡಿತು. ಈ ಊರುಗಳೆಲ್ಲ, ಹರಪನಹಳ್ಳಿಯೂ ಸೇರಿ, ಆಗ ಬಳ್ಳಾರಿ ಜಿಲ್ಲೆಯವೇ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ಮಾದರಿಯ ಮೇಲೆ ಹೊರಟಿತು. ದೇಶಕ್ಕೆ ದಾರಿ ತೋರಿದ ನೆಲದಲ್ಲಿ ನಾವಿನ್ನೂ ‘ಜನ ಏನಂತಾರೆ’ ಎನ್ನುತ್ತಿದ್ದೇವೆ!

ಈಗ 14416ಕ್ಕೆ ಕರೆ ಮಾಡಿದರೆ ಸಾಕು. ಅದು ಟೆಲಿ ಮಾನಸ್. 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಹಗಲುರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಮಗುವಿನ ಬಗ್ಗೆ ಹೆತ್ತವರೂ ಕೇಳಬಹುದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಫೀಸು ಕಟ್ಟುವಾಗ ಇದನ್ನೂ ಕೇಳಿ.

‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಕೇಳಿದರೆ ಬೈಯಬೇಡಿ. ‘ಸಾಯಬೇಕು ಅನ್ನಿಸ್ತಿದೆಯಾ ಬೇಟಾ?’ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಅಂದೇ ಮನೆಯಿಂದ ಆಚೆ ಸಾಗಿಸಿ. ಅನಾಹುತ ಆಗಿಯೇಬಿಟ್ಟರೆ 108ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸಿನ ಭಯದಿಂದ ಒಂದು ನಿಮಿಷವೂ ತಡಮಾಡಬೇಡಿ: ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಸರ್ಕಾರದ ಹೊಣೆ ಎಂದು ಅದೇ 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ.