ಕೂರ್ಮಗಡದ ದೋಣಿ

ಬಂಕಾಪುರದ ಸೀಮೆಯವರಾದ ನಮಗೆ ಸಮುದ್ರವೆಂಬುದು ಬಹುಮಟ್ಟಿಗೆ ಪುಸ್ತಕದ ವಸ್ತು. ಮಹಾಕಾವ್ಯಕ್ಕೆ ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಅದನ್ನು ತರಗತಿಯಲ್ಲಿ ವಿವರಿಸುವಾಗ ಹುಡುಗರು, “ಸರ್, ಅಲೆ ಎಂದರೆ ನಮ್ಮ ಕೆರೆಯ ತೆರೆಗಿಂತ ಎಷ್ಟು ದೊಡ್ಡದು?” ಎಂದು ಕೇಳುವುದುಂಟು. ತಪ್ಪೇನಿಲ್ಲ. ನಮ್ಮ ನೀರೆಂದರೆ ಊರ ಕೆರೆ, ಹಿತ್ತಲ ಬಾವಿ, ಮಳೆಗಾಲದಲ್ಲಿ ಕೆಂಪಗೆ ತುಂಬಿ ಬೇಸಗೆಯಲ್ಲಿ ಬಡವಾಗುವ ವರದೆ. ಘಟ್ಟ ಇಳಿದು ಹೋದವರಿಗೆ ಮಾತ್ರ ಕಡಲು. ನಾವು ಹಾಗೆ ಇಳಿದು ಹೋಗುವುದು ಹೆಚ್ಚಾಗಿ ದೇವರಿಗಾಗಿ, ಇಲ್ಲವೆ ನೆಂಟರಿಗಾಗಿ.

೨೦೧೯ನೆಯ ಇಸವಿ ಜನವರಿ ೨೧, ಪುಷ್ಯ ಹುಣ್ಣಿಮೆ. ಕಾರವಾರದ ಎದುರಿಗೆ, ಕಾಳೀ ನದಿ ಕಡಲು ಸೇರುವ ಮುಖದಾಚೆ ಕೂರ್ಮಗಡವೆಂಬ ನಡುಗಡ್ಡೆಯಿದೆ. ಅಲ್ಲಿ ನರಸಿಂಹ ದೇವರ ಗುಡಿಯಿದೆ. ವರ್ಷಕ್ಕೊಮ್ಮೆ ಈ ಹುಣ್ಣಿಮೆಯಂದು ಜಾತ್ರೆ ಕೂಡುತ್ತದೆ. ರಸ್ತೆಯಿಲ್ಲದ ಜಾತ್ರೆ ಅದು. ಹೋಗುವುದೂ ಬರುವುದೂ ದೋಣಿಯಲ್ಲಿಯೇ. ಅಂದು ದರ್ಶನ ಮುಗಿಸಿಕೊಂಡು ದಡಕ್ಕೆ ಮರಳುತ್ತಿದ್ದ ಒಂದು ದೋಣಿ ಅಲೆಯ ಹೊಡೆತಕ್ಕೆ ಸಿಕ್ಕಿ ಮಗುಚಿತು. ಹದಿನಾರು ಜನ ಮಡಿದರು. ಮಕ್ಕಳೂ ಹೋದರು. ಮಡಿದವರಲ್ಲಿ ಬಹಳ ಜನ ನಮ್ಮ ಹಾವೇರಿ ಜಿಲ್ಲೆಯಿಂದ ಹೋದವರು. ಅವರಲ್ಲಿಯೂ ಒಂದೇ ಬಳಗದವರು ಹಲವರು. ಹತ್ತಿರದಲ್ಲಿದ್ದ ದೋಣಿಗಳವರು, ಮೀನುಗಾರರು, ಕರಾವಳಿ ಕಾವಲು ಪಡೆ ಮತ್ತು ನೌಕಾದಳದವರು ಧಾವಿಸಿ ಉಳಿದವರನ್ನು ಎತ್ತಿಕೊಂಡರು.

ಆ ವಾರ ನಮ್ಮ ಕಡೆ ಎಲ್ಲ ಕಟ್ಟೆಗಳ ಮೇಲೂ ಇದೇ ಮಾತು. “ಋಣ ತೀರಿತ್ತು” ಎಂದರು ಕೆಲವರು. “ದೇವರ ದರ್ಶನ ಮಾಡಿಕೊಂಡು ಬರುವವರಿಗೇ ಹೀಗಾಗಬೇಕೆ?” ಎಂದರು ಕೆಲವರು. ದುಃಖದಲ್ಲಿರುವವರಿಗೆ ಈ ಮಾತುಗಳಿಂದ ಸ್ವಲ್ಪ ಸಮಾಧಾನ ದೊರೆಯುವುದಾದರೆ ದೊರೆಯಲಿ. ಆದರೆ ದೋಣಿ ಮಗುಚುವುದಕ್ಕೆ ಋಣಾನುಬಂಧಕ್ಕಿಂತ ಸರಳವಾದ ಕಾರಣಗಳೂ ಇರುತ್ತವೆ. ಅವನ್ನು ತಿಳಿದುಕೊಳ್ಳುವುದು ಸತ್ತವರಿಗೆ ಮಾಡುವ ಅಗೌರವವಲ್ಲ.

ನಿಮ್ಮ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ದೊಡ್ಡ ಕೊಪ್ಪರಿಗೆಯಲ್ಲಿ ನೀರು ತುಂಬಿ ಅದರಲ್ಲಿ ಒಂದು ಬೋಗುಣಿ ತೇಲಬಿಡಿ. ಬೋಗುಣಿಯ ತಳದಲ್ಲಿ ನಾಲ್ಕು ಕಲ್ಲುಗಳನ್ನು ಹರಡಿಡಿ. ಬೆರಳಿನಿಂದ ಅಂಚನ್ನು ಒತ್ತಿ ಬಿಟ್ಟರೆ ಅದು ತೂಗಾಡಿ ಮತ್ತೆ ನೇರವಾಗುತ್ತದೆ. ಈಗ ಆ ಕಲ್ಲುಗಳನ್ನು ತೆಗೆದು, ಅಷ್ಟೇ ತೂಕದ ನೀರು ತುಂಬಿದ ಎತ್ತರದ ಚೆಂಬೊಂದನ್ನು ಅದರಲ್ಲಿ ನಿಲ್ಲಿಸಿ. ತೂಕ ಹೆಚ್ಚಾಗಲಿಲ್ಲ, ಎತ್ತರ ಮಾತ್ರ ಹೆಚ್ಚಾಯಿತು. ಮೊದಲಿನಷ್ಟೇ ಒತ್ತಿದರೂ ಬೋಗುಣಿ ವಾಲಿ ಬಿದ್ದೀತು. ದೋಣಿಯಲ್ಲಿ ಕುಳಿತ ಮನುಷ್ಯ ತಳದ ಕಲ್ಲಿನಂತೆ, ಎದ್ದು ನಿಂತವನು ಚೆಂಬಿನಂತೆ. ಹತ್ತು ಜನ ಒಮ್ಮೆಲೇ ಎದ್ದರೆ ದೋಣಿಯ ಭಾರದ ನಡುವು ಮೇಲಕ್ಕೆ ಏರುತ್ತದೆ. ಆ ಹತ್ತು ಜನ ಒಂದೇ ಪಕ್ಕಕ್ಕೆ ಸರಿದರೆ ಹೇಳುವುದೇ ಬೇಡ.

ಎರಡನೆಯದು, ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಉಳಿಯುವ ಎತ್ತರ. ಒಬ್ಬೊಬ್ಬರು ಹೆಚ್ಚಾಗಿ ಹತ್ತಿದಂತೆಲ್ಲ ಈ ಎತ್ತರ ಬೆರಳು ಬೆರಳಾಗಿ ಕಡಿಮೆಯಾಗುತ್ತದೆ. ಶಾಂತವಾದ ನೀರಿನಲ್ಲಿ ಇದು ಯಾರ ಗಮನಕ್ಕೂ ಬಾರದು. ಅಲೆಯೊಂದು ಪಕ್ಕದಿಂದ ಬಂದಾಗ ಮಾತ್ರ ಆ ನಾಲ್ಕು ಬೆರಳಿನ ಬೆಲೆ ತಿಳಿಯುತ್ತದೆ. ಒಳಗೆ ನುಗ್ಗಿದ ನೀರು ಸುಮ್ಮನಿರುವುದಿಲ್ಲ; ದೋಣಿ ಎತ್ತ ವಾಲಿದರೆ ಅತ್ತಲೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಹೆದರಿದ ಜನರೂ ಹಾಗೆಯೇ ಓಡುತ್ತಾರೆ. ಮುಂದಿನದು ಕ್ಷಣಗಳ ಮಾತು.

ಕೂರ್ಮಗಡದ ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದೂ, ಬಹಳ ಜನರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲವೆಂದೂ ಆಗ ವರದಿಯಾಯಿತು. ಇದರೊಡನೆ ಇನ್ನೊಂದು ಸಂಗತಿಯನ್ನು ಒಳನಾಡಿನವರಾದ ನಾವು ತಿಳಿದಿರಬೇಕು. ಹುಣ್ಣಿಮೆ ನಮಗೆ ಬೆಳದಿಂಗಳು, ವ್ರತ, ಪುಣ್ಯದಿನ. ಕಡಲಿಗೆ ಅದು ದೊಡ್ಡ ಉಬ್ಬರದ ಕಾಲ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ, ನಡುವಿನ ಸೆಳವು ಬಲವಾಗಿರುತ್ತದೆ. ನದಿ ಕಡಲು ಸೇರುವ ಕಡೆಯಲ್ಲಿ, ಹೊರಕ್ಕೆ ಓಡುವ ನೀರಿಗೆ ಒಳಕ್ಕೆ ಬರುವ ಅಲೆ ಎದುರಾದಾಗ, ಅಲೆ ಗಿಡ್ಡಾಗಿ ಕಡಿದಾಗಿ ಎದ್ದು ನಿಲ್ಲುತ್ತದೆ. ಅಂದಿನ ಅನಾಹುತಕ್ಕೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ನಾವು ಹಬ್ಬಕ್ಕೆ ಆರಿಸಿಕೊಂಡ ತಿಥಿಯೂ ಕಡಲಿನ ಪಂಚಾಂಗವೂ ಬೇರೆ ಬೇರೆ ಲೆಕ್ಕದವು ಎಂದಷ್ಟೇ ನನ್ನ ಮಾತು. ಬೆಸ್ತರಿಗೆ ಈ ಎರಡನೆಯ ಪಂಚಾಂಗ ಬಾಯಿಪಾಠ. ಅವರ ದೋಣಿ ಹತ್ತುವ ನಮಗೆ ಅದರ ಅಕ್ಷರಾಭ್ಯಾಸವೂ ಆಗಿರುವುದಿಲ್ಲ.

ಇಂತಹ ಮರಣಗಳನ್ನು ಲೋಕ ಹೇಗೆ ನೆನೆಯುತ್ತದೆ? ಇದೇ ಪಡುವಣ ಕಡಲಿನ ಹಳೆಯ ಕಥೆಯೊಂದನ್ನು ಕೇಳಿ. ೧೯೪೭ರ ಜುಲೈ ೧೭ರಂದು ಬೆಳಿಗ್ಗೆ ‘ರಾಮದಾಸ’ ಎಂಬ ಉಗಿಹಡಗು ಮುಂಬಯಿಯ ಭಾವೂಚಾ ಧಕ್ಕೆಯಿಂದ ರೇವಸ್ ಬಂದರಕ್ಕೆ ಹೊರಟಿತು. ಮಳೆಗಾಲದ ಕಡಲು. ಹಡಗಿನ ತುಂಬ ಊರಿಗೆ ಹೊರಟ ಜನ. ದಾರಿಯಲ್ಲಿ ದೊಡ್ಡ ಅಲೆ ಬಡಿದು ಹಡಗು ವಾಲಿತು, ಜನ ಒಂದು ಪಕ್ಕಕ್ಕೆ ನುಗ್ಗಿದರು, ಹಡಗು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ರಾಮದಾಸದಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಕಣ್ಣಳತೆಯ ದೂರದಲ್ಲಿದ್ದ ಮಹಾನಗರಕ್ಕೆ ಗಂಟೆಗಟ್ಟಲೆ ಸುದ್ದಿಯೇ ಇಲ್ಲ. ಈಜಿ ದಡ ಸೇರಿದವರಿಂದ, ಮುಳುಗುವವರನ್ನು ಎತ್ತಿಕೊಂಡ ಕೋಳಿ ಮೀನುಗಾರರಿಂದ ವಿಷಯ ತಿಳಿಯಬೇಕಾಯಿತು.

ರೇಡಿಯೋ ಮುಂದೆ ಕುಳಿತು ಹಾಡು ಭಾಷಣ ಕೇಳುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು. ೧೯೧೨ರಲ್ಲಿ ‘ಟೈಟಾನಿಕ್’ ಮುಳುಗಿದಾಗ ಏಳುನೂರಕ್ಕೂ ಹೆಚ್ಚು ಜನ ಉಳಿದುದು ನಿಸ್ತಂತು ಕರೆ ಕೇಳಿ ‘ಕಾರ್ಪೇಥಿಯಾ’ ಎಂಬ ಹಡಗು ಬಂದುದರಿಂದ. ಅದಕ್ಕಿಂತ ಹತ್ತಿರ ಇನ್ನೊಂದು ಹಡಗಿತ್ತು. ಅದರ ನಿಸ್ತಂತು ನೌಕರ ಕೆಲಸ ಮುಗಿಸಿ ಮಲಗಿದ್ದ. ಎರಡು ವರ್ಷಗಳ ತರುವಾಯ ದೇಶದೇಶಗಳವರು ಲಂಡನ್ನಿನಲ್ಲಿ ಸೇರಿ, ದೊಡ್ಡ ಹಡಗುಗಳಲ್ಲಿ ಹಗಲಿರುಳೂ ನಿಸ್ತಂತುವಿಗೆ ಕಿವಿಗೊಟ್ಟಿರಬೇಕೆಂದು ನಿಯಮ ಮಾಡಿದರು. ಹಾಡು ಬಿತ್ತರಿಸುವುದಕ್ಕಿಂತ ಮೊದಲೇ ಆ ಅಲೆಗಳು ಪ್ರಾಣ ಉಳಿಸುವ ಕೆಲಸ ಮಾಡಿದ್ದವು. ಮೂವತ್ತೈದು ವರ್ಷ ಕಳೆದ ಮೇಲೂ ಮುಂಬಯಿಯ ಬಾಗಿಲಲ್ಲಿ ಓಡಾಡುವ ಹಡಗಿಗೆ ಆ ಪಾಠ ತಲುಪಿರಲಿಲ್ಲ.

ರಾಮದಾಸ ಮುಳುಗಿದ ಒಂದು ತಿಂಗಳೊಳಗೆ ದೇಶ ಸ್ವತಂತ್ರವಾಯಿತು. ಆ ಸಂಭ್ರಮದಲ್ಲಿ, ಅದರ ಜೊತೆ ಬಂದ ವಿಭಜನೆಯ ಸಂಕಟದಲ್ಲಿ, ಆರುನೂರು ಮನೆಗಳ ಅಳು ಕೇಳಿಸದೆ ಹೋಯಿತು. ಕೊಂಕಣದ ಹಳ್ಳಿಗಳಲ್ಲಿ ಅದರ ನೆನಪು ಉಳಿಯಿತು. ದೇಶದ ನೆನಪಿನಲ್ಲಿ ಉಳಿಯಲಿಲ್ಲ.

ಇನ್ನೊಂದು ಬಗೆಯ ನೆನಪೂ ಉಂಟು. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ೧೯೨೪ರ ಜನವರಿ ೧೬ರಂದು ಪಲ್ಲನ ಎಂಬಲ್ಲಿ ದೋಣಿ ಮುಳುಗಿ ತೀರಿಕೊಂಡರು. ಆ ದೋಣಿಯಲ್ಲಿಯೂ ಮಿತಿಮೀರಿ ಜನರಿದ್ದರು. ಕವಿಯ ಸ್ಮಾರಕ ಅಲ್ಲಿದೆ. ಸಾಹಿತ್ಯಾಭಿಮಾನಿಗಳು ಹೋಗಿ ನಮಿಸುತ್ತಾರೆ. ಅದು ಯೋಗ್ಯವೇ ಸರಿ. ಆದರೆ ಕವಿಯ ಜೊತೆಗೆ ಮಡಿದವರನ್ನು ಹೆಸರು ಹಿಡಿದು ನೆನೆಯುವವರು ಯಾರು? ದೊಡ್ಡ ಹೆಸರೊಂದು ದುರಂತದಲ್ಲಿ ಸೇರಿದರೆ ಉಳಿದವರೆಲ್ಲ “ಮತ್ತಿತರರು” ಆಗಿಬಿಡುತ್ತಾರೆ.

ಮಕ್ಕಳ ನಡುವೆ ಬದುಕು ಕಳೆದ ನನ್ನಂಥವರಿಗೆ ಮರೆಯಲಾಗದ್ದು ದಕ್ಷಿಣ ಕೊರಿಯಾದ ‘ಸೆವೊಲ್’ ಹಡಗಿನ ಸುದ್ದಿ. ೨೦೧೪ರ ಏಪ್ರಿಲ್ ೧೬ರಂದು ಅದು ಮಗುಚಿದಾಗ ೩೦೪ ಜನ ಮಡಿದರು. ಅವರಲ್ಲಿ ೨೫೦ ಜನ ಒಂದೇ ಪ್ರೌಢಶಾಲೆಯಿಂದ ಪ್ರವಾಸ ಹೊರಟ ವಿದ್ಯಾರ್ಥಿಗಳು. ಮಿತಿಗಿಂತ ಬಹಳ ಹೆಚ್ಚು ಸರಕು ಹೇರಿದ್ದರು. ಅಡಿಯಲ್ಲಿ ಸ್ಥಿರತೆಗಾಗಿ ಇರಬೇಕಾದ ನೀರನ್ನು ಕಡಿಮೆ ಮಾಡಿದ್ದರು. ನಿಮ್ಮ ಬೋಗುಣಿಯ ತಳದ ಕಲ್ಲು ತೆಗೆದು ಚೆಂಬು ನಿಲ್ಲಿಸಿದಂತೆಯೇ ಇದು. ಹಡಗು ವಾಲುತ್ತಿರುವಾಗ ಮಕ್ಕಳಿಗೆ “ಇದ್ದಲ್ಲಿಯೇ ಇರಿ” ಎಂದು ಹೇಳಲಾಯಿತು. ಅವರು ಹೇಳಿದ ಮಾತು ಕೇಳುವ ಒಳ್ಳೆಯ ಮಕ್ಕಳು, ಇದ್ದಲ್ಲಿಯೇ ಇದ್ದರು. ತಾಯಿತಂದೆಗಳು ಹಳದಿ ಪಟ್ಟಿ ಕಟ್ಟಿಕೊಂಡು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು. ಅವರು ಕೇಳಿದ್ದು ಬರಿಯ ಸ್ಮಾರಕವನ್ನಲ್ಲ, ಹೀಗೇಕಾಯಿತೆಂಬುದಕ್ಕೆ ಉತ್ತರವನ್ನು.

ಈ ಮಾತಿಗೆ ನಮ್ಮ ನೆಲದಲ್ಲಿಯೇ ಒಂದು ಹಳೆಯ ಸಾಕ್ಷಿಯಿದೆ. ನಮ್ಮ ಜಿಲ್ಲೆಯ ಊರೂರಿನಲ್ಲಿಯೂ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿ. ನಾವು ಸಾಮಾನ್ಯವಾಗಿ ಮೇಲಿನ ಪಟ್ಟಿಕೆಗೆ ಕೈಮುಗಿದು ಬರುತ್ತೇವೆ. ಶಾಸನ ಓದಬಲ್ಲವರು ಮೊದಲು ನೋಡುವುದು ಕೆಳಗಿನದನ್ನು. ತುರುಗೋಳಿನಲ್ಲಿ ಸತ್ತನೆ, ಊರಳಿವಿನಲ್ಲಿ ಸತ್ತನೆ, ಪೆಣ್ಬುಯ್ಯಲಿನಲ್ಲಿ ಸತ್ತನೆ? ದನಗಳ್ಳರ ಕೈಯಿಂದ ದನ ಬಿಡಿಸುವಾಗಲೋ, ಊರು ಕಾಯುವಾಗಲೋ, ಹೆಂಗಸರ ಮಾನ ಕಾಯುವಾಗಲೋ ಎಂಬುದನ್ನು ಆ ಕಲ್ಲು ಹೇಳುತ್ತದೆ. ಸತ್ತವನು ಸ್ವರ್ಗಕ್ಕೆ ಹೋದನೆಂಬುದರ ಜೊತೆಗೆ ಏಕೆ ಸತ್ತನೆಂಬುದನ್ನೂ ಕೆತ್ತಿಸಿದರು ನಮ್ಮ ಹಿರಿಯರು. ನೀರಿನಲ್ಲಿ ಹೋದವರ ನೆನಪಿನಲ್ಲಿ ನಾವು ಮೇಲಿನ ಪಟ್ಟಿಕೆಯನ್ನು ಮಾತ್ರ ಉಳಿಸಿಕೊಂಡು ಕೆಳಗಿನದನ್ನು ಅಳಿಸಿಬಿಡುತ್ತೇವೆ.

ಕೆಳಗಿನ ಪಟ್ಟಿಕೆಯನ್ನು ಓದಿದ ನಾಡುಗಳಲ್ಲಿ ಕಾನೂನು ಹುಟ್ಟಿತು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಪಾರ್ಲಿಮೆಂಟ್ ಸದಸ್ಯರು ಹೋರಾಡಿದುದರ ಫಲವಾಗಿ ೧೮೭೬ರಲ್ಲಿ ಹಡಗಿನ ಪಕ್ಕದ ಮೇಲೆ ಗೆರೆಯೊಂದನ್ನು ಬಳಿಯಬೇಕೆಂದು ಶಾಸನವಾಯಿತು. ಆ ಗೆರೆ ನೀರಿನಲ್ಲಿ ಮುಳುಗುವಷ್ಟು ಹೇರಬಾರದು. ಅಷ್ಟೇ ಅದರ ಅರ್ಥ. ಇಂದಿಗೂ ಆ ಗೆರೆಗೆ ಅವರ ಹೆಸರೇ ಇದೆ. ನಮ್ಮಲ್ಲಿಯೂ ನದಿ ಹಿನ್ನೀರುಗಳ ಹಡಗುಗಳಿಗಾಗಿ ೧೯೧೭ರ ಹಳೆಯ ಕಾಯಿದೆಯ ಬದಲು ೨೦೨೧ರಲ್ಲಿ ಹೊಸ ಕಾಯಿದೆ ಬಂದಿದೆ; ಅದರಲ್ಲಿ ನೋಂದಣಿ, ತಪಾಸಣೆ, ಜೀವರಕ್ಷಣೆಯ ಸಲಕರಣೆಗಳ ಮಾತಿದೆ. ಕೂರ್ಮಗಡದ ಜಾತ್ರೆಯಲ್ಲಿಯೂ ದುರಂತದ ತರುವಾಯ ಲೈಫ್ ಜಾಕೆಟ್ಟಿನ ಕಟ್ಟುನಿಟ್ಟು ಬಂದಿತು. ಒಳ್ಳೆಯದೇ. ಆದರೆ ಕಾಯಿದೆ ಇರುವುದು ಕಚೇರಿಯಲ್ಲಿ; ದೋಣಿಯ ಹಗ್ಗ ಬಿಚ್ಚುವುದು ದಡದಲ್ಲಿ. ಆ ಹೊತ್ತಿಗೆ ಅಲ್ಲಿರುವವರು ನೀವು.

ಆದುದರಿಂದ ನೀವು ದೋಣಿ ಹತ್ತುವಾಗ ಮೂರು ಕೆಲಸಗಳನ್ನು ಮರೆಯಬೇಡಿ. ಮೊದಲನೆಯದು, ದೋಣಿಗೆ ಎಷ್ಟು ಜನರ ಅನುಮತಿಯೆಂದು ಕೇಳಿ, ನೀವೇ ತಲೆ ಎಣಿಸಿ. ಕಂಕುಳ ಕೂಸೂ ಒಂದು ತಲೆಯೇ. ಎರಡನೆಯದು, ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಸಾಲದು. ಮೈಮೇಲಿರಬೇಕು, ಪಟ್ಟಿ ಬಿಗಿದಿರಬೇಕು. ಮಗುಚುವ ದೋಣಿಯಲ್ಲಿ ಅದನ್ನು ಹುಡುಕಿ ತೊಡಲು ಸಮಯ ಸಿಕ್ಕುವುದಿಲ್ಲ. ಮಕ್ಕಳಿಗೆ ಅವರ ಅಳತೆಯದೇ ಆಗಬೇಕು. ದೊಡ್ಡವರದಾದರೆ ಮಗು ಅದರಿಂದ ಜಾರಿಹೋದೀತು. ಮೂರನೆಯದು, ಕುಳಿತ ಮೇಲೆ ಏಳಬೇಡಿ, ಫೋಟೋ ತೆಗೆಯಲು ಒಂದು ಪಕ್ಕಕ್ಕೆ ಸೇರಬೇಡಿ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗ ಎಂತಹ ದೊಡ್ಡ ಮನುಷ್ಯರನ್ನೂ ಗದರಿಸಿ ತಳದಲ್ಲಿ ಕುಳ್ಳಿರಿಸುತ್ತಾನೆ. ಅವನಿಗೆ ಭೌತಶಾಸ್ತ್ರ ಗೊತ್ತಿಲ್ಲದಿರಬಹುದು. ಚೆಂಬಿಗೂ ಕಲ್ಲಿಗೂ ಇರುವ ಭೇದ ಗೊತ್ತು.

ಇವುಗಳಲ್ಲಿ ಯಾವುದೊಂದು ಸರಿಯಿಲ್ಲದಿದ್ದರೂ ಇಳಿದುಬಿಡಿ. ನಾಚಿಕೆಯಾಗುತ್ತದೆ, ನಿಜ. ಹಿಂದಿನವರು ಗೊಣಗುತ್ತಾರೆ, ಮನೆಯವರೇ “ಎಲ್ಲರೂ ಹೋಗುವಾಗ ನಿಮ್ಮದೊಂದು” ಎನ್ನುತ್ತಾರೆ. ಅನ್ನಲಿ. ದಡದ ಮೇಲೆ ಅರ್ಧ ಗಂಟೆ ಕಾದರೆ ಇನ್ನೊಂದು ದೋಣಿ ಬರುತ್ತದೆ. ಈ ಸಲ ದರ್ಶನ ತಪ್ಪಿದರೂ ಮುಂದಿನ ಪುಷ್ಯಕ್ಕೆ ಮತ್ತೆ ಹುಣ್ಣಿಮೆ ಬರುತ್ತದೆ.

ಕಡಲು ಸೇರಿದ ಆ ಹದಿನಾರು ಜನರಿಗೆ ನಮ್ಮ ಕೆರೆಯೇರಿಯ ಮೇಲೆ ಕಲ್ಲು ನಿಂತಿಲ್ಲ. ನಮ್ಮ ಸೀಮೆಯವರು ಮುಂದೆ ಯಾವ ನೀರಿನಲ್ಲಿಯೇ ಆಗಲಿ ದೋಣಿ ಹತ್ತುವಾಗ ಒಮ್ಮೆ ನಿಂತು ತಲೆ ಎಣಿಸಿದರೆ, ಆ ಎಣಿಕೆಯೇ ಅವರ ನೆನಪಾದೀತು.